ದೇವರಿಗೆ ಬ್ಲ್ಯಾಕ್ ವಾಲ್‌ನಟ್ ಮಂಟಪ

ಸಿಡ್ನಿಯ ಪೀಠೋಪಕರಣ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಎಲ್ಲರಿಗೂ ಟೋನಿಯಾಗಿದ್ದ ತನಿಯಪ್ಪನಿಗೆ ಒಂದೇ ಆಸೆ: ನಾಲ್ಕು ಜನರ ಎದುರು ಯಾರಾದರೂ ತನ್ನನ್ನು ತನ್ನ ಹೆಸರಿನಿಂದ ಕರೆಯಬೇಕು. ಅದೇ ನಗರದ ಕೆಲ್ಲಿವಿಲ್ ಬಡಾವಣೆಯ ಸುಗುಣಾ ಹೊಸ ಮನೆಗೆ ದೇವರ ಮಂಟಪ ಮಾಡಿಕೊಡಿ ಎಂದಾಗ ಆ ಆಸೆಗೆ ಜೀವ ಬಂತು. ಗೃಹಪ್ರವೇಶದ ದಿನ ಬಡಗಿಯನ್ನು ಹೆಸರು ಹಿಡಿದು ಕರೆದು ವೀಳ್ಯ ಕೊಡುವುದು ಅವನ ಊರಿನ ಕ್ರಮ. ಸುಗುಣಾ ಕೂಡ ಅವನಂತೆ ಉಡುಪಿಯವಳೇ.

ಮರವನ್ನು ಅವನೇ ಆರಿಸಿದ. ಅಮೆರಿಕದ ಬ್ಲ್ಯಾಕ್ ವಾಲ್‌ನಟ್, ನಮ್ಮ ಅಕ್ರೋಟದ ದಾಯಾದಿ. ಬಂದೂಕಿನ ಹಿಡಿಗೆ, ತೊಟ್ಟಿಲಿಗೆ, ಗಡಿಯಾರದ ಪೆಟ್ಟಿಗೆಗೆ, ಶವಪೆಟ್ಟಿಗೆಗೂ ಆ ಕಡೆಯವರು ತಲೆಮಾರುಗಳಿಂದ ಇದನ್ನೇ ಹುಡುಕುತ್ತಾರೆ, ಒಣಗಿದ ಮೇಲೆ ಡೊಂಕಾಗುವುದಿಲ್ಲ ಎಂದೆಲ್ಲ ಸುಗುಣಾಳಿಗೆ ಹೆಮ್ಮೆಯಿಂದ ಹೇಳಿದ. ಎಂಟು ಶನಿವಾರ ಗ್ಯಾರೇಜಿನಲ್ಲಿ ಕೂತು ಕಂಬ, ಬಳ್ಳಿ ಕೆತ್ತಿದ. ಒಂದು ಮೊಳೆಯನ್ನೂ ಹೊಡೆಯಲಿಲ್ಲ.

ತಂದಿಟ್ಟಾಗ ಸುಗುಣಾ ಕಂಬ ಸವರಿದಳು. “ಎಷ್ಟು ಚಂದ ಉಂಟು ಟೋನಿಯಣ್ಣ! ಪೂಜೆ ದಿನ ಭಟ್ರು ನಿಮ್ಮನ್ನು ಕರೀತಾರೆ. ಸರಿಯಾದ ಹೆಸರು ಹೇಳಿ, ಬರ್ಕೊಳ್ತೇನೆ.”

“ತನಿಯಪ್ಪ.”

ಪೆನ್ನು ನಿಂತಿತು. “ಊರಲ್ಲಿ ಅಪ್ಪ ಎಂತ ಮಾಡ್ತಿದ್ರು?”

ಸುಳ್ಳು ಹೇಳಬಹುದಿತ್ತು. ಅಪ್ಪನ ಕೈ ನೆನಪಾಗಿ ಅವನಿಂದ ಆಗಲಿಲ್ಲ. “ಬುಟ್ಟಿ ಹೆಣೀತಿದ್ರು.”

ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಬುಟ್ಟಿ ಹೆಣೆಯುವವರನ್ನು ಅಂಗಳದಾಚೆಯೇ ನಿಲ್ಲಿಸುತ್ತಿದ್ದ ಮನೆಯಲ್ಲಿ ಬೆಳೆದವಳು ಸುಗುಣಾ.

ಮರುದಿನವೇ ಅವಳ ಫೋನು ಬಂತು. “ಬೇಜಾರು ಮಾಡ್ಬೇಡಿ. ಬಂದೂಕಿಗೆ, ಹೆಣದ ಪೆಟ್ಟಿಗೆಗೆ ಹಾಕುವ ಮರ ದೇವರಿಗೆ ಆಗುದಿಲ್ಲ ಅಂತ ಭಟ್ರು ಹೇಳಿದ್ರು. ವಾಪಸ್ ತಗೊಂಡು ಹೋಗ್ತೀರಾ?”

ಬೆಳಗಾಗುವುದರೊಳಗೆ ‘ಅಣ್ಣ’ ಉದುರಿಹೋಗಿತ್ತು. ಪಾಪದ ಮರ! ಕಾಡಿನಲ್ಲಿ ಇಲ್ಲದ ಜಾತಿ ಅದಕ್ಕೆ ಕೆಲ್ಲಿವಿಲ್‌ಗೆ ಬಂದ ಮೇಲೆ ಅಂಟಿಕೊಂಡಿತು. ತನಿಯಪ್ಪ “ಆಯ್ತು” ಎಂದ.

ಗೃಹಪ್ರವೇಶ ಮುಗಿದ ಮೇಲೆ ಮಂಟಪ ತರಲು ಹೋದ. ಅವಳ ಗ್ಯಾರೇಜಿನಲ್ಲಿ ಮಂಟಪದ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿತ್ತು. ತೆರೆದ ಬಾಗಿಲಿನಿಂದ ಒಳಗಿನ ದೇವರಕೋಣೆ ಕಾಣುತ್ತಿತ್ತು. ದೇವರ ಫೋಟೋಗಳು ಒಂದು ಬಿಳಿ ರ‍್ಯಾಕಿನ ಮೇಲಿದ್ದವು.

“ಅದು ಯಾವ ಮರ, ಅಕ್ಕಾ?”

“ಮರ ಎಂತದು? ಅಂಗಡಿದು. ಡಬ್ಬದಲ್ಲಿ ಬಂತು, ನಾವೇ ಸ್ಕ್ರೂ ಹಾಕಿ ನಿಲ್ಲಿಸಿದ್ದು.”

“ಮಾಡಿದವ ಯಾರು?”

“ಅದೆಲ್ಲ ಯಾರಿಗೆ ಗೊತ್ತು!” ಎಂದು ಸುಗುಣಾ ನಕ್ಕಳು.

ಹೆಸರು ಹೇಳಬಾರದಿತ್ತು, ಟೋನಿಯಾಗಿಯೇ ಇರಬೇಕಿತ್ತು ಎಂದು ತನಿಯಪ್ಪನಿಗೆ ಅನ್ನಿಸಿತು. ಅವಳು ಮಾಡಿದ ಅವಮಾನಕ್ಕಿಂತ, ಹಾಗೆ ಅನ್ನಿಸಿದ್ದಕ್ಕೇ ಅವನಿಗೆ ಹೆಚ್ಚು ನಾಚಿಕೆಯಾಯಿತು.