ಪಾಳಿಯ ಗಡಿಯಾರ

ನಿಪ್ಪಾಣಿ ಪೇಟೆಯಲ್ಲಿ ಕೊಂಡ ಸಣ್ಣ ಸ್ಕ್ರೂಡ್ರೈವರ್‌ಗಳ ಡಬ್ಬಿ ಇನ್ನೂ ನನ್ನ ಹತ್ತಿರ ಇದೆ. ಒಳಗೆ ಆರು ಡ್ರೈವರ್‌ಗಳು, ಎಲ್ಲಕ್ಕಿಂತ ಚಿಕ್ಕದರ ತುದಿ ದಬ್ಬಣಕ್ಕಿಂತ ಸಣ್ಣ. ಅದನ್ನು ತೆಗೆದಾಗಲೆಲ್ಲ ಮುಖ ಬಿಸಿಯಾಗುತ್ತದೆ.

ಎಂಬತ್ತರ ದಶಕದ ಕೊನೆ. ನನಗೆ ಇಪ್ಪತ್ಮೂರು. ನಮ್ಮೂರು ಸತ್ತಿಯ ನಮ್ಮ ಓಣಿಯಲ್ಲಿ ಯಾರ ರೇಡಿಯೊ ಗೊರಗೊರ ಅಂದರೂ ನನಗೇ ಕರೆ ಬರುತ್ತಿತ್ತು. ಅರ್ಧಕ್ಕರ್ಧ ರಿಪೇರಿ ಸೆಲ್ ಕೂರುವ ಜಾಗದ ತುಕ್ಕು ಕೆರೆಯುವುದರಲ್ಲೇ ಮುಗಿಯುತ್ತಿತ್ತು. ಅದನ್ನು ನಾನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲ ಬಿಚ್ಚಿ ಹಾಸಿ, ಒಂದು ಕಣ್ಣು ಕಿರಿದು ಮಾಡಿ, ಗಂಭೀರವಾಗಿ ಕೂರುತ್ತಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ನನ್ನ ಕೊಡೆ ಆ ಡಬ್ಬಿ.

ಕೃಷ್ಣೆಯ ದಂಡೆಯಲ್ಲಿ ನಮಗೂ ಕಾಕುವಿಗೂ ಸೇರಿ ಒಂದೇ ಮೋಟಾರು. ಕಾಕು ಅಂದರೆ ತೀರಿಹೋದ ಚಿಕ್ಕಪ್ಪನ ಹೆಂಡತಿ. ಒಬ್ಬಳೇ ನಿಂತು ಕಬ್ಬು ಮಾಡಿಸುತ್ತಿದ್ದಳು. ಮೋಟಾರಿನ ಕರೆಂಟು ಬೆಳಿಗ್ಗೆ ಆರಕ್ಕೆ ಬಂದು ಸಂಜೆ ನಾಲ್ಕಕ್ಕೆ ಹೋಗುತ್ತಿತ್ತು. ಹನ್ನೊಂದರವರೆಗೆ ಹಿರಿಯ ಮಗನಾದ ಅಪ್ಪನ ಪಾಳಿ, ಅಲ್ಲಿಂದ ಕಿರಿಯನದು ಎಂದು ಹೊಲ ಪಾಲಾದಾಗಲೇ ಹಿರಿಯರು ಗೊತ್ತುಮಾಡಿದ್ದರು. ಮೋಟಾರಿನ ಖೋಲಿಯ, ಅಂದರೆ ಕೋಣೆಯ, ಅಲಾರಾಂ ಗಡಿಯಾರವೇ ಪಂಚ. ಬೆಳಿಗ್ಗೆ ಅಪ್ಪ ರೇಡಿಯೊ ಕೇಳಿ ಮುಳ್ಳು ಸರಿಮಾಡುವುದು, ಸಂಜೆ ಕಾಕು ಚಾವಿ ಕೊಡುವುದು. ಹನ್ನೊಂದಾಗಿದೆ ಎಂದು ಅದು ತೋರಿಸುವವರೆಗೆ ಕಾಕು ಬದುವಿನ ಮೇಲೆ ಕೂತಿರುತ್ತಿದ್ದಳು.

ಆ ಗಡಿಯಾರಕ್ಕೆ ಏನೂ ಆಗಿರಲಿಲ್ಲ. ಧೂಳು ಕೂತಿದೆ, ಒಮ್ಮೆ ತೊಳೆಯಬೇಕು ಎಂದು ನಾನೇ ಹೇಳಿ ಮನೆಗೆ ತಂದೆ. ನನ್ನ ಕೈ ತುರಿಸುತ್ತಿತ್ತು, ಅಷ್ಟೇ. ಒಳಗಿನ ಚಕ್ರವನ್ನು ಹಿಡಿದಿದ್ದ ಪಟ್ಟಿಯ ಎರಡು ಸ್ಕ್ರೂಗಳಲ್ಲಿ ಒಂದು ಚಿಮ್ಮಿ ಎಲ್ಲೋ ಬಿತ್ತು. ಕಸ ಗುಡಿಸಿ ಜರಡಿ ಹಿಡಿದೆ. ಸಿಗಲಿಲ್ಲ. ಒಂದೇ ಸ್ಕ್ರೂ ಬಿಗಿದು ಮುಚ್ಚಿದೆ. ಟಿಕ್ ಟಿಕ್ ಅಂದಿತು. ಕಾಕು ಎಲ್ಲರೆದುರು ನನ್ನ ಬೆನ್ನು ತಟ್ಟಿದಳು.

ವಾರದೊಳಗೆ ನನಗೆ ಗೊತ್ತಾಯಿತು: ಐದು ತಾಸಿಗೆ ಅದು ಇಪ್ಪತ್ತು ನಿಮಿಷ ಹಿಂದೆ ಬೀಳುತ್ತಿತ್ತು. ಅಂದರೆ ನಮ್ಮ ಪಾಳಿ ದಿನಾ ಇಪ್ಪತ್ತು ನಿಮಿಷ ಉದ್ದ. ಕರೆಂಟು ಮಾತ್ರ ತನ್ನ ಹೊತ್ತಿಗೇ ಹೋಗುತ್ತಿದ್ದುದರಿಂದ ಕಾಕುವಿನದು ಅಷ್ಟೇ ಗಿಡ್ಡ. ಬೆಳಿಗ್ಗೆ ಮುಳ್ಳು ಹಿಂದಿದ್ದುದನ್ನು ಕಂಡು ಅಪ್ಪ, ಕಾಕು ಚಾವಿ ಪೂರ್ತಿ ಕೊಡುವುದಿಲ್ಲ ಎಂದು ಗೊಣಗುತ್ತಿದ್ದ. ನಾನು ಪಕ್ಕದಲ್ಲೇ ನಿಂತು ಕೇಳುತ್ತಿದ್ದೆ. ಅಥಣಿಯ ಗಡಿಯಾರದಂಗಡಿಗೆ ಒಯ್ದರೆ ಒಂದು ಸ್ಕ್ರೂವಿನ ಕೆಲಸ. ಆದರೆ ಒಯ್ದರೆ, ಕೆಡಿಸಿದವನು ನಾನು ಎಂದು ಊರಿಗೆಲ್ಲ ತಿಳಿಯುತ್ತದಲ್ಲ. ಇವತ್ತು ನಾಳೆ ಎನ್ನುತ್ತ ಬೇಸಿಗೆ ಏರಿತು. ಕಾಕುವಿನ ಹೊಲದ ತುದಿಯ ಸಾಲುಗಳಿಗೆ ನೀರು ಮುಟ್ಟದೆ ಕಬ್ಬಿನ ಗರಿ ಸುರುಳಿ ಸುತ್ತತೊಡಗಿತು.

ಒಂದು ಮಧ್ಯಾಹ್ನ ಅವಳು ಕರವಸ್ತ್ರದ ಗಂಟು ಹಿಡಿದು ನಮ್ಮ ಮನೆಗೆ ಬಂದಳು. ಗಂಟಿನಲ್ಲಿ ಚಿಕ್ಕಪ್ಪನ ಕೈಗಡಿಯಾರ. ಅವನು ಹೋದ ಮೇಲೆ ನಿಂತದ್ದು ನಿಂತೇ ಇತ್ತು.

"ಖೋಲಿ ಗಡಿಯಾರದ ಮ್ಯಾಲ ನನಗ ಸಂಶೇ ಇಲ್ಲ ತಮ್ಮಾ, ನೀನ ಮಾಡಿದ್ದು," ಎಂದಳು. "ಆದ್ರ ಕೈಯಾಗ ಒಂದ ಇದ್ರ ಧೈರ್ಯ ನೋಡು. ಕರೆಂಟ ನಾಕ ಆಗೂಕ ಮೊದಲ ಹೋಗಾಕತ್ತೈತಿ ಅನಸ್ತೈತಿ. ನೀರ ಯಾಕ ಸಾಲವಲ್ದು ಅಂತ ತಿಳೀಬೇಕು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನು ಅವಳ ಮುಖ ನೋಡಿದೆ. ಅಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ.

ಕೈಗಡಿಯಾರ ಅದೇ ಸಂಜೆ ನಡೆಯಿತು. ಒಳಗೆ ಒಂದಿಷ್ಟು ಜಿಡ್ಡು, ಮತ್ತೇನಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಚೊಕ್ಕ ರಿಪೇರಿ ಇನ್ನೊಂದು ಮಾಡಿಲ್ಲ. ಅದು ಅವಳ ಕೈಗೆ ಹೋದರೆ ಮರುದಿನವೇ ನನ್ನ ಬಣ್ಣ ಬಯಲು. ಟ್ರಂಕಿನ ತಳದಲ್ಲಿ, ಅಂಗಿಗಳ ಕೆಳಗೆ ಇಟ್ಟೆ.

ಕಾಕು ಎಂಟು ದಿನಕ್ಕೊಮ್ಮೆ ಕೇಳುತ್ತಿದ್ದಳು. "ಒಳಗಿನ ಸಾಮಾನ ಸಿಗವಲ್ದ ಕಾಕು," ಎನ್ನುತ್ತಿದ್ದೆ. ಚಿಕ್ಕೋಡಿಯಲ್ಲಿ ಕೇಳಿದೆ, ರಾಯಬಾಗದಲ್ಲಿ ಕೇಳಿದೆ ಎಂದು ಹೋಗದ ಊರುಗಳ ಹೆಸರು ಹೇಳಿದೆ. ಇನ್ನೂ ಹೇಸಿಗೆಯ ಮಾತೆಂದರೆ, ಯಾರೂ ಇಲ್ಲದಾಗ ಅದನ್ನು ತೆಗೆದು ಚಾವಿ ಕೊಟ್ಟು ರೇಡಿಯೊ ವೇಳೆಗೆ ಹೋಲಿಸಿ ನೋಡುತ್ತಿದ್ದೆ. ಒಂದು ನಿಮಿಷವೂ ತಪ್ಪುತ್ತಿರಲಿಲ್ಲ. ನನಗೆ ಹೆಮ್ಮೆಯಾಗುತ್ತಿತ್ತು.

ಆ ವರ್ಷ ಕಾಕುವಿನ ತುದಿಯ ನಾಲ್ಕು ಸಾಲು ದನದ ಮೇವಾದವು. ಚಾವಿಯ ಜಗಳವೇ ಬೇಡವೆಂದು ಅಪ್ಪ ಖೋಲಿಗೆ ಸೆಲ್ಲಿನ ಗಡಿಯಾರ ತಂದು ಹಾಕಿದ. ಇನ್ನು ಹಳೆಯದರ ಜೊತೆ ಹೋಲಿಸುವವರು ಯಾರೂ ಇರಲಿಲ್ಲ. ಮರುದಿನ ಬೆಳಿಗ್ಗೆಯೇ ಚಿಕ್ಕಪ್ಪನ ಗಡಿಯಾರ ಒರೆಸಿಕೊಂಡು ಕಾಕುವಿನ ಮನೆಗೆ ಹೋದೆ. ಕೊನೆಗೂ ಸಾಮಾನು ಸಿಕ್ಕಿತು ಎಂದೆ.

ಅವಳು ಅದನ್ನು ಕಿವಿಗೆ ಹಚ್ಚಿಕೊಂಡಳು. ಕಣ್ಣು ಒರೆಸಿಕೊಂಡಳು.

"ನನ್ನ ಸಲುವಾಗಿ ಎಷ್ಟ ಊರ ತಿರಗಿದಿ, ಎಷ್ಟ ತ್ರಾಸ ತಗೊಂಡಿ," ಎಂದಳು. "ಈಗ ಖೋಲ್ಯಾಗ ಹೊಸಾದು ಬಂದೈತಿ. ಇದು ನನಗ್ಯಾಕ? ನಿಮ್ಮ ಕಾಕಾನ ನೆನಪಿಗೆ ನೀನ ಕಟ್ಕೊ."

ಬೇಡ ಎನ್ನಬೇಕಾದರೆ ಯಾಕೆಂದು ಹೇಳಬೇಕಾಗುತ್ತಿತ್ತು. ನಾನು ಕೈ ಮುಂದೆ ಮಾಡಿದೆ. ಅವಳೇ ಪಟ್ಟಿ ಬಿಗಿದಳು.