ಸರಕಾರಿ ವಕೀಲರು ಕೋರ್ಟಿಗೆ ಹೇಳಿದ ಮಾತು

ವಕೀಲ ಕಾಕಾನ ಎಡಹುಬ್ಬು ಪೂರ್ತಿ ಬೆಳ್ಳಗಿತ್ತು, ಬಲಹುಬ್ಬು ಕಡುಗಪ್ಪು. ಎದುರಿನವರ ಮಾತು ಸರಿಬೀಳದಿದ್ದರೆ ಬಿಳಿಯದು ಮಾತ್ರ ಮೇಲೇರುತ್ತಿತ್ತು. ನಾರಾಯಣಗೂಡದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಹೈಕೋರ್ಟಿನಲ್ಲಿ ಸರಕಾರದ ಪರ ವಾದಿಸುವ ವಕೀಲರು ಅವರು. ಭಾನುವಾರ ಮಾತ್ರ ಲುಂಗಿ ಉಟ್ಟು ವರಾಂಡದಲ್ಲಿ ಕೂತು, ಶೇಂಗಾ ಸುಲಿಯುತ್ತ, ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ ನನಗೆ ಸಂವಿಧಾನದ ಪಾಠ ಹೇಳುತ್ತಿದ್ದರು.

“ಕಾನೂನು ಮಾಡಾವ್ರು ಒಬ್ರು, ನಡಸಾವ್ರು ಒಬ್ರು, ತಪ್ಪಿದ್ರ ಕೇಳಾವ್ರು ಒಬ್ರು. ಅವ್ರು ಒಬ್ಬರಿಗೊಬ್ರು ಅಂಜಬೇಕವ್ವಾ. ಅವ್ರು ಅಂಜೂದು ಬಿಟ್ರಂದ್ರ ಅಂಜೂ ಪಾಳಿ ನಮಗ ಬರತೈತಿ.”

ಪರೀಕ್ಷೆ ಪಾಸಾಗಿ, ಅಕ್ರಮ ಕಟ್ಟಡ ತೆರವುಗೊಳಿಸುವ ಇಲಾಖೆಯೊಂದರಲ್ಲಿ ಕೆಲಸ ಸಿಕ್ಕಿತು. ನನ್ನ ಪ್ರೊಬೇಷನ್ ಮುಗಿಯಲು ಎರಡು ತಿಂಗಳಿತ್ತು. ಒಂದು ದಿನ ಮೆಹದಿಪಟ್ಟಣಂ ಆಚೆಯ ಗಲ್ಲಿಯೊಂದರ ಏಳು ಮನೆಗಳನ್ನು ಕೆಡವಲು ನಮ್ಮ ಬುಲ್ಡೋಜರುಗಳು ಹೋಗಿದ್ದವು. ಹನ್ನೊಂದು ಗಂಟೆಗೆ ಕಚೇರಿಗೆ ಫೋನು ಬಂತು. ನಾನೇ ಎತ್ತಿದೆ. ಕಾಕಾನ ದನಿ, ಏದುಸಿರು.

“ತಂಗಿ, ಈಗಷ್ಟ ಕೋರ್ಟು ತಡೆ ಕೊಟ್ಟೈತಿ. ಒಂದು ಇಟ್ಟಂಗಿನೂ ಮುಟ್ಟಬಾರ್ದು. ನಿಮ್ಮ ಸಾಹೇಬ್ರಿಗೆ ಹೇಳು, ಓಡು.”

ಓಡಿದೆ. ನಮ್ಮ ಸಾಹೇಬರು ಚಹಾ ಕುಡಿಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಗಡಿಯಾರ ನೋಡಿ, “ಫೋನ್ ಆಯಾ ಹೀ ನಹೀ. ಸಮ್ಝೀ?” ಎಂದರು. ಫೋನು ಬಂದೇ ಇಲ್ಲ! ಅವರು ಮತ್ತೆ ಕಪ್ಪು ಎತ್ತಿದರು. ಹೈಕೋರ್ಟು ಬೇಡವೆಂದದ್ದು ಕಿವಿಗೆ ಬಿದ್ದ ಮೇಲೂ ಒಬ್ಬ ಅಧಿಕಾರಿಯ ಕೈ ಇಷ್ಟು ಸ್ಥಿರವಾಗಿರಬಲ್ಲದೇ ಎಂದು ನಾನು ನೋಡುತ್ತ ನಿಂತೆ. ಮಧ್ಯಾಹ್ನದ ಹೊತ್ತಿಗೆ ಏಳೂ ಮನೆ ನೆಲಸಮವಾಗಿದ್ದವು.

ಕೋರ್ಟು ವಿವರಣೆ ಕೇಳಿತು. ತಡೆಯಾಜ್ಞೆಯ ವಿಷಯ ಸಂಜೆ ತಿಳಿಯಿತು ಎಂದು ಸಾಹೇಬರು ಪ್ರಮಾಣಪತ್ರ ಬರೆಸಿದರು. ಟೈಪು ಮಾಡಿದವಳು ನಾನು. ಅದನ್ನು ಕಾಕಾನ ಕೈಗೆ ಕೊಟ್ಟದ್ದು ವಿಚಾರಣೆಗೆ ಐದು ನಿಮಿಷ ಮೊದಲು. ಅವರು ನಿಂತಲ್ಲೇ ಓದಿದರು. ಬಿಳಿ ಹುಬ್ಬು ಮೇಲೇರಿತು. ಪತ್ರ ಮಡಚಿ ಮೇಜಿನ ಮೇಲಿಟ್ಟು ನ್ಯಾಯಮೂರ್ತಿಗಳ ಕಡೆ ತಿರುಗಿದರು.

“ಇದನ್ನು ನಾನು ಸಲ್ಲಿಸಲಾರೆ, ಮೈ ಲಾರ್ಡ್. ಆ ದಿನ ಹನ್ನೊಂದು ಗಂಟೆಗೆ ಅವರ ಕಚೇರಿಗೆ ಫೋನು ಮಾಡಿ ತಿಳಿಸಿದವನು ನಾನೇ.”

ಸರಕಾರದ ವಕೀಲರು ಸರಕಾರದ ವಿರುದ್ಧವೇ ಸಾಕ್ಷಿ ನುಡಿದಿದ್ದರು! ಸಾಹೇಬರ ಹಿಂದೆ ಫೈಲು ಹಿಡಿದು ಕೂತಿದ್ದ ನನ್ನ ಮೇಲೆ ಕಾಕಾನ ಕಣ್ಣು ಹಾದುಹೋಯಿತು. ನಾನು ಏಳಲಿಲ್ಲ.

ಅದೇ ವಾರ ಅವರನ್ನು ಸರಕಾರಿ ವಕೀಲರ ಹುದ್ದೆಯಿಂದ ತೆಗೆದರು. ಅದರ ಬೆನ್ನಿಗೇ ಸಾಹೇಬರ ಎರಡನೆಯ ಪ್ರಮಾಣಪತ್ರ ಬಂತು: ಫೋನು ಎತ್ತಿದ್ದು ಜವಾನ, ಆತ ಯಾರಿಗೂ ತಿಳಿಸಲಿಲ್ಲ. ನಿವೃತ್ತಿಗೆ ಆರು ತಿಂಗಳಿದ್ದ ಆ ಮುದುಕನನ್ನು ಅಮಾನತು ಮಾಡಿದರು. ಆತ ನನ್ನ ಮೇಜಿನೆದುರು ನಿಂತು, “ಮೈ ಕಬ್ ಉಠಾಯಾ ಬೇಟಾ, ಫೋನ್?” ಎಂದ. ತಾನು ಫೋನು ಎತ್ತಿದ್ದು ಯಾವಾಗ ಎಂದು ಆತ ಕೇಳಿದ್ದು ನನ್ನನ್ನೇ!

ಸಂಜೆ ಕಾಕಾನ ಮನೆಗೆ ಹೋದೆ.

“ಫೋನು ಎತ್ತಿದಾಕಿ ನಾನು ಅಂತ ಅವತ್ತ ಯಾಕ ಹೇಳಲಿಲ್ಲರಿ, ಕಾಕಾ?”

“ಕೋರ್ಟು ಕೇಳಿದ್ರ ಹೇಳತಿದ್ದೆ. ಕೇಳಲಿಲ್ಲ. ನೀನಾಗೇ ಏಳ್ತಿ ಅಂತ ಕಾದೆ.”

“ಈಗ ನಾ ಏನ್ ಮಾಡ್ಲಿ?”

“ಅದನ್ನ ನನ್ನ ಕೇಳಬ್ಯಾಡ. ನಾ ಹೇಳೂ ಪಾಠ ಮುಗದೈತಿ.”

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಮುಂದಿನ ವಿಚಾರಣೆಯಲ್ಲಿ ಎದ್ದು ನಿಂತೆ. ಫೋನು ಎತ್ತಿದ್ದು ನಾನು, ತಕ್ಷಣ ಸಾಹೇಬರಿಗೆ ಹೇಳಿದ್ದೂ ನಾನು ಎಂದೆ. ಮುದುಕನಿಗೆ ನೌಕರಿ ಮರಳಿ ಸಿಕ್ಕಿತು. ಏಳೂ ಮನೆಗಳನ್ನು ಅದೇ ಜಾಗದಲ್ಲಿ ಕಟ್ಟಿಸಿಕೊಡಬೇಕೆಂದು ಕೋರ್ಟು ಆದೇಶಿಸಿತು. ನನ್ನನ್ನು ದೂರದ ಆದಿಲಾಬಾದಿಗೆ ಎತ್ತಿ ಹಾಕಿದರು. ಅಂದು ಕೈಯಲ್ಲಿ ಯಾವ ಕೇಸೂ ಇಲ್ಲದೆ ಕೊನೆಯ ಬೆಂಚಿನಲ್ಲಿ ಕೂತಿದ್ದ ಕಾಕಾ ಹೊರಗೆ ಸಿಕ್ಕಾಗ ಹೇಳಿದ್ದು ಇಷ್ಟೇ: “ದನಿ ಭಾಳ ಸಣ್ಣದಾತು. ಹಿಂದ ಕುಂತಾವ್ರಿಗೆ ಕೇಳಸ್ಲಿಲ್ಲ.”

ಮತ್ತೆಂದೂ ಅವರಿಗೆ ಸರಕಾರಿ ಕೆಲಸ ಸಿಗಲಿಲ್ಲ. ಬಾಡಿಗೆ ಮನೆಗಳ ಸಣ್ಣಪುಟ್ಟ ತಕರಾರು ನೋಡಿಕೊಂಡಿದ್ದರು. ಹೋದ ವರ್ಷ ಎದೆನೋವಿನಿಂದ ತೀರಿಕೊಂಡರು. ನಾನು ಬಸ್ಸಿಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಹೆಂಡತಿ, ಕಾಕು, ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು.

“ಆ ಕೇಸಿನ್ಯಾಗ ಅವ್ರಿಗೆ ಅನ್ನ ಸೇರ್ತಿದ್ದಿಲ್ಲ. ನೌಕರಿ ಹೋದ ಚಿಂತಿ ಅಂತ ನಾ ತಿಳಕೊಂಡಿದ್ದೆ. ನೀ ಎದ್ದು ನಿಂತ ದಿವ್ಸ ಮನಿಗೆ ಬಂದವ್ರನ ತಾಟು ಹಾಕು ಅಂದ್ರು, ಮೂರು ರೊಟ್ಟಿ ತಿಂದ್ರು. ಆಮ್ಯಾಲೆ ಗ್ವಾಡಿ ಕಡೆ ಕೈ ಮಾಡಿ, ‘ನಮ್ಮ ಹುಡುಗಿ ಹೇಳಿದ್ಲು’ ಅಂದ್ರು.”