ಒದ್ದೆ ಮೇಳಿಯ ಪೆನ್ನು

ಪಾಂಡವಪುರದಲ್ಲಿ ಮೇಷ್ಟರಾಗಿ ಮನೆ ಮಾಡಿಕೊಂಡ ಮೇಲೆ ನನಗೆ ಹಿಡಿದ ಹುಚ್ಚು ಮರದ ಪೆನ್ನು ಕಡೆಯುವುದು. ವರಾಂಡದಲ್ಲಿ ಸಣ್ಣದೊಂದು ಲೇತು ಯಂತ್ರ ಇಟ್ಟುಕೊಂಡು ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದೆ. "ಅಂಗಡೀಲಿ ಸಿಗಾಕಿಲ್ವಾ ಪೆನ್ನು?" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಒಂದು ಮಳೆಗಾಲ ಅಪರೂಪಕ್ಕೆ ಹುಟ್ಟೂರು ಕ್ಯಾತನಹಳ್ಳಿಗೆ ಹೋಗಿದ್ದೆ. ಅಲ್ಲಿ ಅಪ್ಪ, ಅಣ್ಣನ ಸಂಸಾರ ಒಟ್ಟಿಗೇ ಇದ್ದರು. ಕೊಟ್ಟಿಗೆಯ ಮೂಲೆಯಲ್ಲಿ ಅಪ್ಪನ ಹಳೆಯ ನೇಗಿಲು ಕಂಡಿತು. ಟ್ರಾಕ್ಟರು ಬಂದ ಮೇಲೆ ಅದನ್ನು ಮುಟ್ಟಿದವರಿಲ್ಲ. ಒಡೆದ ಹೆಂಚಿನಿಂದ ಮಳೆನೀರು ಅದರ ಮೇಲೇ ತೊಟ್ಟಿಕ್ಕುತ್ತಿತ್ತು. ಅಪ್ಪ ಜೀವಮಾನವಿಡೀ ಹಿಡಿದ ಮೇಳಿ, ಅಂದರೆ ನೇಗಿಲ ಹಿಡಿ, ಅದರಲ್ಲೇ ಅಪ್ಪನಿಗೊಂದು ಪೆನ್ನು ಮಾಡಬೇಕು ಅನ್ನಿಸಿತು. ಕೇಳಿದೆ. "ಕುಯ್ಕೊ ಓಗು" ಅಂದ. ಆ ವಾರವೇ ಕಡೆದು ಮುಗಿಸಿ ತಂದುಕೊಟ್ಟೆ.

ಅಪ್ಪ ಬರೆಯುತ್ತಿದ್ದುದು ಹಾಲಿನ ಡೈರಿಯಲ್ಲಿ ಒಂದು ಸಹಿ, ಅಷ್ಟೇ. ಆದರೂ ಪೆನ್ನು ಯಾವಾಗಲೂ ಅಂಗಿಯ ಜೇಬಿನಲ್ಲಿ. ಕೇಳಿದವರಿಗೂ ಕೇಳದವರಿಗೂ ತೆಗೆದು ತೋರಿಸುತ್ತಿದ್ದ. ಅದನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ.

ಸಂಕ್ರಾಂತಿ ಕಳೆದು ಬಿಸಿಲೇರಿದಾಗ ಮತ್ತೆ ಹೋದೆ. ಪಕ್ಕದ ಆಲೆಮನೆಯಲ್ಲಿ ಬೆಲ್ಲದ ಒಲೆಯ ಮುಂದೆ ಅಪ್ಪ ಹರಟೆಗೆ ಕೂತಿದ್ದ. ಜೇಬಿನ ಪೆನ್ನು ಉದ್ದಕ್ಕೂ ಸೀಳಿತ್ತು. ನನ್ನ ಮುಂಗೋಪ ಊರಿಗೇ ಗೊತ್ತು.

"ಒಲೆ ಮುಂದೆ ಇಟ್ಕೊಂಡು ಕುಂತ್ರೆ ಸೀಳ್ದೆ ಇನ್ನೇನಾಯ್ತದೆ? ಮರ ಅಂದ್ರೆ ಏನೂಂತ ಗೊತ್ತಿಲ್ವಾ ನಿಂಗೆ?" ಎಂದು ಎಲ್ಲರೆದುರೇ ರೇಗಿದೆ.

"ತಪ್ಪಾಯ್ತು ಕಣ್ಲಾ. ಸರಿಯಾಯ್ತದಾ ನೋಡು" ಎಂದು ಅಪ್ಪ ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಮನೆಗೆ ಬಂದು ರಿಪೇರಿಗೆ ಕೂತೆ. ಬಿರುಕು ತುಂಬಲು ಅದೇ ಮರದ ಪುಡಿ ಬೇಕು, ಇಲ್ಲದಿದ್ದರೆ ಬಣ್ಣ ಹೊಂದುವುದಿಲ್ಲ. ಉಳಿದ ಮೇಳಿಯ ತುಂಡನ್ನು ಹುಡುಕಿ ಕಪಾಟಿನಿಂದ ತೆಗೆದರೆ, ಅದೂ ಸೀಳಿತ್ತು. ಅದು ಯಾವ ಒಲೆಯನ್ನೂ ಕಂಡಿರಲಿಲ್ಲ.

ಆಗ ತಲೆಗೆ ಹೊಳೆಯಿತು. ಮಳೆನೀರು ಕುಡಿದ ಒದ್ದೆ ಮರವನ್ನು ಪೆನ್ನಿನೊಳಗಿನ ಹಿತ್ತಾಳೆಯ ಕೊಳವೆಗೆ ಬಿಗಿಯಾಗಿ ಅಂಟಿಸಿದ್ದೆ. ಮರ ಒಣಗಿ ಕುಗ್ಗಿತು, ಹಿತ್ತಾಳೆ ಜಗ್ಗಲಿಲ್ಲ. ನೇಗಿಲಿಗೆ ಜಾಲಿ ಕಡಿದರೆ ಅಪ್ಪ ಅದರ ಎರಡೂ ತುದಿಗೆ ಸೀಳದಿರಲೆಂದು ಸಗಣಿ ಮೆತ್ತಿ, ನೆರಳಲ್ಲಿ ವರ್ಷ ಕಳೆದ ಮೇಲೇ ಉಳಿ ಹಾಕುತ್ತಿದ್ದ. ಅಂಥವನಿಗೆ ನಾನು ಮರದ ಪಾಠ ಹೇಳಿದ್ದೆ! ನಾಚಿಕೆಯಾಯಿತು.

ಪುಡಿಯನ್ನು ಬಿರುಕಿಗೆ ಒತ್ತಿ, ತೆಳುವಾದ ಅಂಟನ್ನು ತೊಟ್ಟುತೊಟ್ಟಾಗಿ ಇಳಿಸಿ, ಒಣಗಿದ ಮೇಲೆ ಉಜ್ಜಿ ಎಣ್ಣೆ ಸವರಿದೆ. ಕೆಲಸ ಒಂದೇ ದಿನದ್ದು. ಅಪ್ಪನಿಗೆ ಮುಖ ತೋರಿಸಲು ಎರಡು ವಾರ ಹಿಡಿಯಿತು.

ಅಪ್ಪ ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿದ.

"ತಪ್ಪು ನಂದು ಕಣಪ್ಪಾ. ಮರ ಒದ್ದೆ ಇತ್ತು" ಅಂದೆ.

"ಗೊತ್ತಿತ್ತು ಬುಡ್ಲಾ. ನೀನು ಕುಯ್ವಾಗ್ಲೇ ಗೊತ್ತಿತ್ತು."

"ಮತ್ಯಾಕೆ ಏಳ್ನಿಲ್ಲ?"

"ಮೇಷ್ಟ್ರಾದ್ಮೇಲೆ ನೀನು ನಂತಾವ ಏನೂ ಕೇಳ್ದೋನಲ್ಲ. ಅವತ್ತೊಂದಿನ ಮೇಳಿ ಕೊಡಪ್ಪ ಅಂದೆ. ಒಣಗ್ಲಿ, ಇನ್ನೊಂದು ವರ್ಸ ಬುಟ್ಟು ಬಾ ಅಂದಿದ್ರೆ ಬತ್ತಿದ್ಯಾ ನೀನು?"

ಪಾಂಡವಪುರದಿಂದ ಕ್ಯಾತನಹಳ್ಳಿಗೆ ಬೈಕಿನಲ್ಲಿ ಅರ್ಧ ಗಂಟೆಯ ದಾರಿಯೂ ಇಲ್ಲ.